ರೋಗಿಯ ಮಾತಿಗೆ ಎಷ್ಟು ಅಂಕ?

ಭದ್ರಾವತಿಯ ಕಾಗದನಗರದಲ್ಲಿ ಹುಟ್ಟಿ ಬೆಳೆದ ನನ್ನ ಪತ್ನಿಗೆ ಹನ್ನೆರಡು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಕಳೆದ ವರ್ಷ ತಪಾಸಣೆಗೆ ಹೋದಾಗ ವೈದ್ಯರು ಆಕೆಯ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಊತ ಎಲ್ಲಿಯೂ ಇರಲಿಲ್ಲ; ಒಂದು ಕೀಲು ಮಾತ್ರ ನೋಯುತ್ತಿತ್ತು. ರಕ್ತಪರೀಕ್ಷೆಯ ವರದಿಯೂ ಸಮಾಧಾನಕರವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ: 'ಕಾಯಿಲೆ ನಿಮ್ಮನ್ನು ಎಷ್ಟು ಬಾಧಿಸುತ್ತಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಿ.' ಎಂದಿನಂತೆ ನಾನೇ, 'ಒಂದು ಅನ್ನಬಹುದು ಡಾಕ್ಟ್ರೇ' ಎಂದೆ. ಆಕೆ ನನ್ನತ್ತ ತಿರುಗಿ, 'ನೋವು ನನ್ನದಲ್ವಾ? ನಾಲ್ಕು ಅಂತ ಬರ್ಕೊಳ್ಳಿ' ಎಂದಳು.

ಅಲ್ಲಿಯವರೆಗಿನ ಪ್ರತಿ ತಪಾಸಣೆಯಲ್ಲೂ ಆಕೆಯ ಪರವಾಗಿ ಉತ್ತರಿಸುತ್ತಿದ್ದವನು ನಾನು. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಅಂಕಿಅಂಶಗಳೊಡನೆಯೇ ಕಾಲ ಕಳೆದ ನನಗೆ, ಮನೆಯೊಳಗಿನ ಒಂದು ಅಂಕಿಯನ್ನು ವರ್ಷಗಟ್ಟಲೆ ತಪ್ಪಾಗಿ ದಾಖಲಿಸಿದೆನೆಂಬುದು ಸಣ್ಣ ಮುಜುಗರವಲ್ಲ.

ಆ ಅಂಕಿಯ ಮೇಲೆ ನಿಂತಿರುವುದೂ ಸಣ್ಣದಲ್ಲ. ಸಂಧಿವಾತವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಅದನ್ನು ಶಮನಸ್ಥಿತಿಗೆ ತರುವುದೇ ಚಿಕಿತ್ಸೆಯ ಗುರಿ. ಶಮನವೆಂದರೇನು ಎಂಬುದಕ್ಕೆ ಅಮೆರಿಕ ಮತ್ತು ಯುರೋಪಿನ ತಜ್ಞ ಸಂಘಟನೆಗಳು ಜಂಟಿಯಾಗಿ 2011ರಲ್ಲಿ ನಾಲ್ಕು ಷರತ್ತುಗಳನ್ನು ಹಾಕಿದವು. ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು. ಊದಿದ ಕೀಲೂ ಒಂದನ್ನು ಮೀರಬಾರದು. ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೊಟೀನ್ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ರೋಗಿ ತಾನೇ ಕೊಡುವ ಅಂಕವೂ ಹತ್ತರಲ್ಲಿ ಒಂದನ್ನು ದಾಟಬಾರದು. ಮೊದಲ ಮೂರನ್ನು ತೃಪ್ತಿಪಡಿಸಿಯೂ ಬಹಳಷ್ಟು ರೋಗಿಗಳು ನಾಲ್ಕನೆಯದರಲ್ಲಿ ಅನುತ್ತೀರ್ಣರಾಗುತ್ತಿದ್ದರು. ಆದ್ದರಿಂದ 2022ರಲ್ಲಿ ಆ ಮಿತಿಯನ್ನು ಎರಡಕ್ಕೆ ಸಡಿಲಿಸಲಾಯಿತು. ನಾಲ್ಕು ಅಂಕ ಕೊಟ್ಟ ನನ್ನ ಪತ್ನಿ ಆ ಲೆಕ್ಕದಲ್ಲೂ ಶಮನಸ್ಥಿತಿಗೆ ಬಂದವಳಲ್ಲ.

ಈ ನಾಲ್ಕನೆಯ ಷರತ್ತನ್ನೇ ಕೈಬಿಡಬೇಕೆಂದು ವಾದಿಸುವ ತಜ್ಞರಿದ್ದಾರೆ. ಅವರ ವಾದ ಹಗುರವಾದುದಲ್ಲ. ರೋಗಿ ಹೇಳುವ ಅಂಕದಲ್ಲಿ ಉರಿಯೂತವೊಂದೇ ಇರುವುದಿಲ್ಲ. ಹಳೆಯ ಹಾನಿ, ನಿದ್ರಾಹೀನತೆ, ಆಯಾಸ, ಖಿನ್ನತೆ ಎಲ್ಲವೂ ಸೇರಿರುತ್ತವೆ. ಅದನ್ನು ನಂಬಿ ಔಷಧದ ಪ್ರಮಾಣವನ್ನು ಏರಿಸಿದರೆ ರೋಗನಿರೋಧಕ ಶಕ್ತಿ ಅನಾವಶ್ಯಕವಾಗಿ ಕುಗ್ಗುತ್ತದೆ. ದುಬಾರಿ ಜೈವಿಕ ಔಷಧಗಳಲ್ಲಿ ಕೆಲವು, ದೇಹದಲ್ಲಿ ಸುಪ್ತವಾಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ನಮ್ಮಂಥ ದೇಶದಲ್ಲಿ ಇದು ಉಪೇಕ್ಷಿಸತಕ್ಕ ಮಾತಲ್ಲ.

ರೋಗಿಯ ಮಾತನ್ನು ಅಳತೆಗೋಲಾಗಿಸುವುದರ ಅಪಾಯವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬೇರೊಂದು ದಾರಿಯಿಂದಲೂ ಬಲ್ಲರು. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಸಮೀಪದ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯೊಂದನ್ನು ಅಮರ್ತ್ಯ ಸೇನ್ ಚರ್ಚಿಸಿದ್ದಾರೆ. ಅಲ್ಲಿ ವಿಧುರರಲ್ಲಿ ಶೇ 48.5ರಷ್ಟು ಮಂದಿ ತಮಗೆ ಕಾಯಿಲೆಯಿದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆಂದವರು ಶೇ 2.5 ಮಾತ್ರ. ಆ ವಿಧವೆಯರು ಗಟ್ಟಿಮುಟ್ಟಾಗಿದ್ದರೆಂದು ಯಾರೂ ನಂಬಲಾರರು. ನರಳುವುದಕ್ಕೂ ತಮಗೆ ಹಕ್ಕಿದೆ ಎಂಬ ಭಾವನೆಯೇ ಅವರಿಗಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಸಂಧಿವಾತ ಗಂಡಸರಿಗಿಂತ ಹೆಂಗಸರನ್ನು ಎರಡು–ಮೂರು ಪಟ್ಟು ಹೆಚ್ಚಾಗಿ ಕಾಡುವ ರೋಗ. ನಮ್ಮ ಮನೆಗಳಲ್ಲಿ 'ಹೇಗಿದ್ದೀಯಮ್ಮಾ?' ಎಂದರೆ 'ಪರವಾಗಿಲ್ಲ' ಎಂಬ ಉತ್ತರ ಪ್ರಶ್ನೆ ಮುಗಿಯುವ ಮುನ್ನವೇ ಸಿದ್ಧವಾಗಿರುತ್ತದೆ. ಪಕ್ಕದಲ್ಲಿ ಗಂಡನೋ ಮಗನೋ ಕೂತಿದ್ದರೆ ಆ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ಹೀಗಿರುವಾಗ ನಮ್ಮಲ್ಲಿ ರೋಗಿಯ ಅಂಕ ವಾಸ್ತವಕ್ಕಿಂತ ಹೆಚ್ಚಾಗಿರಬಹುದೆಂಬ ಭಯದಷ್ಟೇ, ಕಡಿಮೆಯಾಗಿರಬಹುದೆಂಬ ಭಯವೂ ಇರಬೇಕು.

ಹಾಗೆಂದು ಪ್ರಶ್ನೆಯನ್ನೇ ಕೈಬಿಡುವುದು ಪರಿಹಾರವಲ್ಲ. ಆ ದಿನ ನಮ್ಮ ವೈದ್ಯರು ಔಷಧ ಏರಿಸಲಿಲ್ಲ. ಅಂಕವನ್ನು ಬದಿಗೂ ಸರಿಸಲಿಲ್ಲ. 'ಈ ನಾಲ್ಕರಲ್ಲಿ ಏನೇನಿದೆ, ಹೇಳಿ' ಎಂದು ಕೇಳಿದರು. ರೋಗ ಆರಂಭದಲ್ಲೇ ಕೆಡಿಸಿಹೋದ ಬಲಮಣಿಕಟ್ಟಿನಿಂದ ತೆಂಗಿನಕಾಯಿ ತುರಿಯಲಾಗದು, ಒದ್ದೆ ಬಟ್ಟೆ ಹಿಂಡಲಾಗದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮುಂದೊಂದು ದಿನ ಇನ್ನೊಬ್ಬರ ಕೈ ಕಾಯಬೇಕಾದೀತೆಂಬ ಭಯ. ಇವಾವುದಕ್ಕೂ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯಲ್ಲಿ ಮದ್ದಿಲ್ಲ. ಮಣಿಕಟ್ಟಿಗೆ ಪಟ್ಟಿ, ಕೈಗೆ ವ್ಯಾಯಾಮ, ನಿದ್ರೆಗೆ ಸಲಹೆ ದೊರೆತವು. ಹನ್ನೆರಡು ವರ್ಷಗಳಲ್ಲಿ ಈ ಮಾತುಗಳನ್ನು ನಾನೂ ಅಂದೇ ಮೊದಲು ಕೇಳಿದ್ದು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಔಷಧ ಏರಿಸಬೇಕೇ ಬೇಡವೇ ಎಂಬುದನ್ನು ಕೀಲು ಮತ್ತು ರಕ್ತ ನಿರ್ಧರಿಸಲಿ. ಆದರೆ ರೋಗಿ ಗುಣಮುಖವಾಗಿದ್ದಾರೆಯೇ ಎಂಬುದನ್ನು ರೋಗಿಯನ್ನು ಕೇಳದೆ ಯಾರೂ ಘೋಷಿಸದಿರಲಿ. ಇವೆರಡೂ ಬೇರೆ ಬೇರೆ ಗುರಿಗಳೆಂದು ಒಪ್ಪಿಕೊಂಡರೆ ವಿವಾದ ಬಹುಮಟ್ಟಿಗೆ ತಿಳಿಯಾಗುತ್ತದೆ. ಪ್ರಶ್ನೆ ಸರಳ ಕನ್ನಡದಲ್ಲಿರಲಿ. ಕೇಳುತ್ತಿರುವುದು ಸಂಧಿವಾತದ ಬಾಧೆಯನ್ನೋ ಒಟ್ಟಾರೆ ಆರೋಗ್ಯವನ್ನೋ ಎಂಬುದು ಸ್ಪಷ್ಟವಿರಲಿ. ಜೊತೆಗೆ ಬಂದವರು ಆ ಎರಡು ನಿಮಿಷ ಹೊರಗೆ ಕೂರಲಿ. ಅಂಕದ ಪಕ್ಕದಲ್ಲಿ 'ಏಕೆ?' ಎಂಬುದಕ್ಕೆ ಒಂದು ಸಾಲಿನ ಜಾಗವಿರಲಿ. ಇದಕ್ಕೆ ಹೊಸ ಯಂತ್ರವಾಗಲೀ ಅನುದಾನವಾಗಲೀ ಬೇಕಿಲ್ಲ. ತರಬೇತಿ ಪಡೆದ ಒಬ್ಬ ದಾದಿ ಸಾಕು.

ಕಾಗದನಗರಕ್ಕೆ ಆ ಹೆಸರು ತಂದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. 2015ರ ಹೊತ್ತಿಗೆ ಅದರ ಉತ್ಪಾದನೆ ನಿಂತಿತು. ಊರಿನ ಬದುಕು ಲೆಕ್ಕಪತ್ರದ ಅಂಕಿಗಳಲ್ಲಿ ಪೂರ್ತಿ ಕಾಣುವುದಿಲ್ಲವೆಂಬುದನ್ನು ಅಲ್ಲಿನ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ದೇಹದ ವಿಷಯದಲ್ಲೂ ಅದು ನಿಜವೆಂದು ನನಗೆ ಕಲಿಸಿದವಳು ಆಕೆಯೇ. ಈಗ ತಪಾಸಣೆಯ ದಿನ ಆ ಪ್ರಶ್ನೆ ಬರುವ ಹೊತ್ತಿಗೆ ನಾನು ಎದ್ದು ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ.