ಮೊದಲ ಬಂಡವಾಳ

ಬಡತನದಲ್ಲಿ ಬೆಳೆದ ಯುವಕನೊಬ್ಬನು ಸ್ವಂತ ಅಂಗಡಿಯಿಡಲು ಮನಸ್ಸು ಮಾಡಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು, ‘ಎಲ್ಲಾದರೂ ನೌಕರಿ ನೋಡಬಾರದೇ?’ ಎಂಬ ಮಾತು. ರೈಲ್ವೆ ಕಾರ್ಯಾಗಾರದ ಸಂಬಳವನ್ನು ನೆಚ್ಚಿ ಬಾಳಿದ ಹುಬ್ಬಳ್ಳಿಯ ಹಿರಿಯರಿಗೆ ಈ ಅಂಜಿಕೆ ಸಹಜವೇ. ಆದರೆ ಧಾರವಾಡದ ಪೇಡೆಯೂ ಹೊಟ್ಟೆಪಾಡಿಗೆಂದು ಹಿಡಿದ ಸಣ್ಣ ವ್ಯಾಪಾರವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿಗೆ ಅಂಜಿ, ಇಂದಿನ ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ರಾಮರತನ್ ಸಿಂಗ್ ಠಾಕೂರರು ಅದನ್ನು ಇಲ್ಲಿ ಮಾರತೊಡಗಿದರೆಂದು ಹೇಳುತ್ತಾರೆ. ಲೈನ್ ಬಜಾರದ ಅಂಗಡಿ ಮನೆಮಾತಾದದ್ದು ಮೊಮ್ಮಗ ಬಾಬುಸಿಂಗರ ಕಾಲಕ್ಕೆ. ಅಷ್ಟು ತಾಳ್ಮೆ ನಮ್ಮಲ್ಲಿದೆಯೇ?

ದುಡಿಯುವ ಛಲ ನಮ್ಮ ಮಕ್ಕಳಲ್ಲಿದೆ; ಮೊದಲ ಬಂಡವಾಳವಿಲ್ಲ. ಕಾಯಿಪಲ್ಲೆ ಮಾರುವವರಿಗೆ ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವ ಮೀಟರ್ ಬಡ್ಡಿಯನ್ನು ವಾಚಕರು ಬಲ್ಲರು. ತಿಂಗಳಲ್ಲಿ 25 ದಿನ ವ್ಯಾಪಾರವೆಂದರೆ ಬಡ್ಡಿಯೇ 2,500 ರೂಪಾಯಿ. ಅಸಲಿಗಾಗಿ ಮರುದಿನ ಮತ್ತೆ ಅದೇ ಬಾಗಿಲು. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರಕಾರವು 2025ರಲ್ಲಿ ಕಾಯ್ದೆ ತಂದಿತು. 10 ವರ್ಷಗಳವರೆಗೆ ಸೆರೆವಾಸವುಂಟು. ಒಳ್ಳೆಯದೇ ಆಯಿತು. ಆದರೆ ಕಾಯ್ದೆಯು ಮನೆಬಾಗಿಲಿಗೆ ಬಂದು ಬೆದರಿಸುವವನನ್ನು ತಡೆದೀತೇ ಹೊರತು, ಬೆಳಗಿನ ಆ 900 ರೂಪಾಯಿಯನ್ನು ಕೊಡಲಾರದು.

ಕೊಡುವ ದಾರಿಯನ್ನು ನಮ್ಮ ನೆಲದ ಹಿರಿಯರೇ ಕಂಡುಕೊಂಡಿದ್ದರು. ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದು 1905ರಲ್ಲಿ. ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಸಂಘವನ್ನು ಸ್ಥಾಪಿಸಿದ್ದು 1912ರಲ್ಲಿ. ಒಬ್ಬರನ್ನೊಬ್ಬರು ಬಲ್ಲವರು ಒಬ್ಬರಿಗೊಬ್ಬರು ಜಾಮೀನಾಗಿ ನಿಂತರು.

ಮದುವೆಯ ಪೆಂಡಾಲಿಗೆ, ಬ್ಯಾಂಡಿಗೆ ಕೈಗಡ ಕೊಡುವ ಬಂಧುಗಳು ಹೊಲಿಗೆ ಯಂತ್ರಕ್ಕೆಂದು ಕೇಳಿದರೆ ಕೈ ಹಿಂದೆಗೆಯುವುದನ್ನು ನಾವು ಕಂಡಿದ್ದೇವೆ. ಇದು ನಮಗೆ ಸರಿಕಾಣದು.

ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿಯೊಡನೆ ಉಚಿತ ತರಬೇತಿಯೂ ಉಂಟು. ಆದರೂ ಓದು ಅರ್ಧಕ್ಕೆ ನಿಂತ ಹುಡುಗನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಅಂಜಿಕೆ. ಖರ್ಚುವೆಚ್ಚದ ಅಂದಾಜು ಬರೆಯಬೇಕೆಂದರೆ ಅಲ್ಲಿಂದಲೇ ಹಿಂದಿರುಗುತ್ತಾನೆ. ಬ್ಯಾಂಕು, ಕಚೇರಿಗಳಿಂದ ನಿವೃತ್ತರಾದವರು ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬರಾದರೂ ಇದ್ದಾರು. ಭಾನುವಾರದ ಬಲಿಪೂಜೆಯ ಬಳಿಕ ಅವರು ಅರ್ಧ ಗಂಟೆ ಕುಳಿತು ಅರ್ಜಿ ತುಂಬಿಸಿಕೊಡಲಿ. ಸೋಮವಾರ ಅವನ ಜೊತೆಗೆ ಬ್ಯಾಂಕಿಗೂ ಹೋಗಿ ಬರಲಿ.