ವೈಮಾನಿಕನ ಮಂತ್ರಿ

ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ ಪಕ್ಕದಲ್ಲಿ ನಿಂತು ತಿಂಗಳ ಲೆಕ್ಕವನ್ನು ಓದಿ ಹೇಳುವ ಸಹಾಯಕನು ಯಾವ ಗೃಹಿಣಿಗೂ ಬೇಡ. ಲೆಕ್ಕದಲ್ಲಿ ತಪ್ಪಿಲ್ಲದಿರಬಹುದು, ಆದರೆ ಅವನು ವೇಳೆಯನ್ನರಿಯದವನು. ವಿಮಾನಚಾಲಕರಿಗೆ ಸಲಹೆ ಕೊಡಲೆಂದು ಇರಿಸಿರುವ ಗಣಕಯಂತ್ರಗಳ ಮೇಲೂ ಇಂಥದೇ ದೂರುಂಟು.

2010ನೆಯ ಇಸವಿ ನವೆಂಬರ್ 4ನೆಯ ತಾರೀಖು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ ಎ380 ವಿಮಾನವು ಇಂಡೋನೇಷ್ಯಾದ ಬಾಟಮ್ ದ್ವೀಪದ ಮೇಲೆ ಏರುತ್ತಿದ್ದಾಗ, ಅದರ ನಾಲ್ಕು ಎಂಜಿನ್ನುಗಳಲ್ಲಿ ಒಂದು ಸಿಡಿಯಿತು. ಅದರ ಚೂರುಗಳು ರೆಕ್ಕೆಯನ್ನು ತೂರಿ ಒಳಗಿನ ತಂತಿಗಳನ್ನು ಕತ್ತರಿಸಿದವು. ವಿಮಾನದಲ್ಲಿದ್ದವರು 469 ಮಂದಿ. ಚಾಲಕರ ಮುಂದಿನ ಪರದೆಯಾದರೋ ಕೆಟ್ಟುದನ್ನೆಲ್ಲ ಒಂದೊಂದಾಗಿ ಹೇಳತೊಡಗಿತು. ಒಂದಕ್ಕೆ ಪರಿಹಾರ ಮಾಡಿ ಮುಗಿಸುವಷ್ಟರಲ್ಲಿ ಇನ್ನೊಂದು. ಪುಣ್ಯವಶಾತ್ ಆ ದಿನ ಚಾಲಕರ ಕೋಣೆಯಲ್ಲಿ ಐವರು ವೈಮಾನಿಕರಿದ್ದರು. ಆದರೂ ಆ ಪಟ್ಟಿಯನ್ನು ಮುಗಿಸಲು ಸುಮಾರು 50 ನಿಮಿಷಗಳು ಹಿಡಿದವು. ಇಳಿಯಲು ಓಡುದಾರಿಯ ಉದ್ದ ಸಾಕೇ ಎಂದು ಕೇಳಿದರೆ, ಲೆಕ್ಕ ಹಾಕುವ ಯಂತ್ರವು ಅಷ್ಟೊಂದು ದೋಷಗಳನ್ನು ಒಮ್ಮೆಗೇ ಕಂಡು ಮೊದಲು ಉತ್ತರವನ್ನೇ ಕೊಡಲಿಲ್ಲ. ನೆಲ ಒಣಗಿದ್ದುದರಿಂದ ಒದ್ದೆ ನೆಲಕ್ಕೆ ಸಂಬಂಧಿಸಿದ ಅಂಶಗಳನ್ನು ತೆಗೆದು ಮರಳಿ ಕೇಳಿದ ಮೇಲೆ, ಸುಮಾರು 100 ಮೀಟರು ಉಳಿದೀತೆಂದಿತು.

ನಾಯಕರಾದ ರಿಚರ್ಡ್ ಡಿ ಕ್ರೆಸ್ಪಿನಿಯವರು ಆಗ ಮಾಡಿದ ಕೆಲಸವು ನಮಗೆ ಬಹು ಮುಖ್ಯವಾಗಿ ತೋರುತ್ತದೆ. ಏನೇನು ಕೆಟ್ಟಿದೆ ಎಂಬ ಎಣಿಕೆಯನ್ನು ಬಿಟ್ಟು, ಏನೇನು ಉಳಿದಿದೆ ಎಂದು ಅವರು ಯೋಚಿಸತೊಡಗಿದರು. ವಿಮಾನವು ಸಿಂಗಪುರಕ್ಕೇ ಹಿಂದಿರುಗಿ ಇಳಿಯಿತು, ಯಾರಿಗೂ ಗಾಯವಾಗಲಿಲ್ಲ.

ಉಳಿದುದನ್ನು ಮೊದಲು ಹೇಳುವ, ತುರ್ತಿಗೆ ತಕ್ಕಂತೆ ಮಾತನ್ನು ಜೋಡಿಸುವ, ಚಾಲಕನ ಕೈ ತುಂಬಿರುವುದನ್ನು ಕಂಡು ಉಳಿದ ಮಾತನ್ನು ಕಾಯಿಸುವ ಯಂತ್ರವನ್ನು ರಚಿಸಬೇಕೆಂಬುದೇ ಇಂದಿನ ಶಿಲ್ಪಿಗಳ ಪ್ರಯತ್ನ. ವಿಮಾನವು ನೆಲ ಬಿಟ್ಟೇಳುವ ಗಳಿಗೆಯಲ್ಲಿ ತುರ್ತಲ್ಲದ ಎಚ್ಚರಿಕೆಗಳನ್ನು ಯಂತ್ರವು ಈಗಲೂ ತಡೆಹಿಡಿಯುವುದುಂಟು. ಆದರೆ ಅದು ಮೊದಲೇ ಗೊತ್ತುಮಾಡಿದ ನಿಯಮ. ಚಾಲಕನು ಅದನ್ನು ಕಲಿತೇ ಬಂದಿರುತ್ತಾನೆ. ಅವನ ಮನಸ್ಸಿನ ಭಾರವನ್ನು ಯಂತ್ರವೇ ಊಹಿಸಿ, ಇಂದು ಒಂದು ಬಗೆ ನಾಳೆ ಒಂದು ಬಗೆಯಾಗಿ ನಡೆದುಕೊಳ್ಳುವುದಾದರೆ ಗತಿಯೇನು? ಊಹೆ ತಪ್ಪಿದರೆ, ಬೇಕಾದ ಮಾತೇ ಬೇಕಾದ ವೇಳೆಯಲ್ಲಿ ಮರೆಯಾದೀತು. ಪರದೆಯು ಸುಮ್ಮನಿದ್ದರೆ ಎಲ್ಲವೂ ಸರಿಯಿದೆಯೆಂದು ಅವನು ತಿಳಿಯುವನೇ, ಏನನ್ನೋ ಬಚ್ಚಿಟ್ಟಿದೆಯೆಂದು ಶಂಕಿಸುವನೇ?

ಮಾತಿನ ಕ್ರಮವನ್ನು ಯಂತ್ರವು ಬದಲಿಸಲಿ. ಆದರೆ ತಡೆಹಿಡಿದಾಗಲೆಲ್ಲ, ತಡೆಹಿಡಿದಿದೆಯೆಂಬ ಗುರುತನ್ನಾದರೂ ಪರದೆಯ ಮೂಲೆಯಲ್ಲಿ ತೋರಿಸತಕ್ಕದ್ದು. ಚಾಲಕನು ಬೆರಳಿಟ್ಟು ಕೇಳಿದೊಡನೆ ಎಲ್ಲವನ್ನೂ ಒಪ್ಪಿಸತಕ್ಕದ್ದು.