ಬಂಡಿಗೂ ಮಂಡಿಗೂ ಒಂದೇ ಮದ್ದು

ಹಬ್ಬ, ಉಪ್ಪಿನಕಾಯಿ, ಮಕ್ಕಳ ಕನ್ನಡ ಎಂದು ಬರೆದುಕೊಂಡಿದ್ದ ನಾವು ಈ ಸಲ ಸ್ಪೋರ್ಟ್ಸ್ ಕಾರಿನ ಮಾತೆತ್ತಿದರೆ, ‘ಇವರಿಗೇನಾಯಿತಪ್ಪಾ?’ ಎಂದು ಓದುಗರು ಕೇಳುವುದು ಸಹಜವೇ. ನಮಗೇನೂ ಆಗಿಲ್ಲ. ಆದದ್ದು ಪುಣೆಯಲ್ಲಿರುವ ನಮ್ಮ ಭಾವನವರ ಕಾರಿಗೆ. ಬೇಸಗೆ ರಜೆ ಬಂತೆಂದರೆ ಮನೆಗೆ ಬೀಗ ಹಾಕಿ, ಗಾಡಿಯನ್ನು ಸೊಸೈಟಿಯ ಅಂಗಳದಲ್ಲಿ ಬಿಟ್ಟು, ತಿಂಗಳುಗಟ್ಟಲೆ ಊರಿಗೆ ಹೋಗುವ ನಮ್ಮವರಿಗೆಲ್ಲ ಆ ಕಥೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಹೇಳುತ್ತೇವೆ.

ಭಾವನವರು ಮೈಸೂರು ಬಿಟ್ಟು ಪುಣೆ ಸೇರಿದ ಮೇಲೆ ಸರ್ವೀಸು ಪೂರ್ತಿ ಓಡಾಡಿದ್ದು ಕಾರ್ಖಾನೆಯ ಬಸ್ಸಿನಲ್ಲಿ. 2018ರಲ್ಲಿ ನಿವೃತ್ತರಾದೊಡನೆ, ಯಾರನ್ನೂ ಕೇಳದೆ, ಒಂದು ಹಳೆಯ ಸ್ಯಾನ್ ಸ್ಟಾರ್ಮ್ ತಂದು ಬಾಗಿಲಲ್ಲಿ ನಿಲ್ಲಿಸಿಬಿಟ್ಟರು. 1990ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲೇ ತಯಾರಾದ ಪುಟ್ಟ ಕಾರು ಅದು. ಫೈಬರ್‌ಗ್ಲಾಸಿನ ಮೈ, ಮಡಚುವ ಬಟ್ಟೆಯ ಸೂರು, ಎರಡೇ ಎರಡು ಆಸನ. ನಮ್ಮ ಅಕ್ಕ ಸುತ್ತ ಒಂದು ಪ್ರದಕ್ಷಿಣೆ ಬಂದು, “ನಾಲ್ಕು ಕಟ್ಟು ಸೊಪ್ಪು ತಂದರೆ ಇಡೋಕೆ ಜಾಗ ಇಲ್ಲ, ಇದೂ ಒಂದು ಕಾರೇ?” ಎಂದು ಒಳಗೆ ಹೋದಳು.

ಒಮ್ಮೆ ನಾವೂ ಅದರಲ್ಲಿ ಕುಳಿತು ಬೆಳಗಿನ ಆರು ಗಂಟೆಗೆ ಖಡಕ್‌ವಾಸ್ಲಾ ಕೆರೆಯ ದಾರಿ ಹಿಡಿದಿದ್ದೆವು. ಅಂಥ ಕಾರಿನ ಸುಖ ಬರಿಯ ವೇಗದಲ್ಲಿಲ್ಲ, ಓದುಗರೇ. ಅದರಲ್ಲಿ ಕೂತವನು ಹೆಚ್ಚು ಕಡಿಮೆ ನೆಲಕ್ಕೇ ಕೂತಂತೆ. ಐವತ್ತರ ವೇಗವೇ ನೂರರಂತೆ ತೋರುತ್ತದೆ. ತಲೆಯ ಮೇಲೆ ಸೂರಿಲ್ಲ, ಆಕಾಶವಿದೆ. ನೀರಿನ ತಂಪು, ಒದ್ದೆ ಹುಲ್ಲಿನ ವಾಸನೆ, ರಸ್ತೆ ಬದಿಯ ಚಹದಂಗಡಿಯ ಶುಂಠಿಯ ಘಮ, ಎಲ್ಲವೂ ಒಂದೊಂದಾಗಿ ಮೂಗಿಗೆ ಬರುತ್ತವೆ. ತಿರುವು ಬಂದಾಗಲೆಲ್ಲ ಭಾವನವರ ಮುಖ ಹದಿನೆಂಟರ ಹುಡುಗನ ಮುಖವಾಗುತ್ತಿತ್ತು.

ಆದರೆ ಪ್ರೀತಿಯ ವಸ್ತುವಿಗೆ ಭಯವೂ ಜೊತೆ. ಧೂಳು ಬಿದ್ದೀತು, ಮಳೆ ಬಂದೀತು, ರಿಕ್ಷಾದವನು ತಗುಲಿಸಿಯಾನು! ವರ್ಷ ತುಂಬುವುದರೊಳಗೆ ಕಾರಿಗೆ ಅಳತೆಯ ಮುಸುಕು ಬಂತು. ಅಗಲವಾದ, ಗಿಡ್ಡ ಪಕ್ಕೆಯ ಹೊಸ ಟೈರುಗಳೂ ಬಂದುವು. ಓಡಾಟ ಮಾತ್ರ ನಿಂತಿತು. ಭಾನುವಾರ ಭಾನುವಾರ ಮುಸುಕು ತೆಗೆದು, ಇಂಜಿನು ಚಾಲೂ ಮಾಡಿ, ಐದು ನಿಮಿಷ ಕಣ್ಣು ಮುಚ್ಚಿ ಅದರ ಸದ್ದು ಕೇಳಿ, ಮತ್ತೆ ಹೊದಿಸಿಬಿಡುವರು. ಮಂಗಳಾರತಿ ಒಂದು ಬಾಕಿ. ಅಕ್ಕನಂತೂ ಅದರಲ್ಲಿ ಒಂದು ದಿನವೂ ಕೂತಿರಲಿಲ್ಲ. ಅವಳು ಕೇಳಲಿಲ್ಲ, ಇವರು ಕರೆಯಲಿಲ್ಲ.

ಅಷ್ಟರಲ್ಲಿ 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಜೂನಿನಲ್ಲಿ ಭಾವನವರು ಧೈರ್ಯ ಮಾಡಿ ಕಾರನ್ನು ರಸ್ತೆಗಿಳಿಸಿದರೆ, ದಡ್ ದಡ್ ದಡ್! ನಿಧಾನವಾಗಿ ಹೋದರೆ ನಿಧಾನವಾಗಿ, ಜೋರಾಗಿ ಹೋದರೆ ಜೋರಾಗಿ. ಸ್ಟಿಯರಿಂಗು ಜ್ವರ ಬಂದವರ ಹಾಗೆ ನಡುಗುತ್ತಿತ್ತು. “ಅಚ್ಚೇ ಮುರೀತು ಕಣಯ್ಯಾ” ಎಂದು ನಮಗೆ ಫೋನು ಮಾಡಿದಾಗ ಅವರ ದನಿಯೂ ನಡುಗುತ್ತಿತ್ತು.

ಅಚ್ಚು ಮುರಿದಿರಲಿಲ್ಲ. ಮೂಲೆಯ ಗ್ಯಾರೇಜಿನ ಮೇಸ್ತ್ರಿ ಟೈರಿನ ಮೇಲೆ ಅಂಗೈ ಸವರಿ ನಕ್ಕ: “ಕಾಕಾ, ಗಾಡೀ ಉಭೀ ರಾಹೂನ್ ಥಕ್ಲೀ.” ಗಾಡಿ ನಿಂತು ನಿಂತು ದಣಿದಿದೆ!

ಅವನು ಹೇಳಿದ್ದು ನಿಜ. ಇಡೀ ಕಾರಿನ ಭಾರ ನೆಲಕ್ಕೆ ಊರುವುದು ಒಂದೊಂದು ಟೈರಿನಲ್ಲೂ ಒಂದು ಅಂಗೈಯಷ್ಟು ಜಾಗದ ಮೇಲೆ. ಕಾರು ಓಡುತ್ತಿದ್ದರೆ ಆ ಭಾರವನ್ನು ಟೈರಿನ ಸುತ್ತಳತೆಯೆಲ್ಲ ಸರದಿಯ ಮೇಲೆ ಹೊರುತ್ತದೆ. ನಿಂತರೆ ಒಂದೇ ಜಾಗ ಹೊರಬೇಕು. ಅಲ್ಲಿ ರಬ್ಬರು ಚಪ್ಪಟೆಯಾಗುತ್ತದೆ. ವೇಗಕ್ಕೆಂದು ಮಾಡಿದ ಟೈರುಗಳಲ್ಲಿ ಈ ಕಾಟ ಹೆಚ್ಚು. ಜೋರಾಗಿ ಓಡುವಾಗ ಹಿಗ್ಗದಿರಲೆಂದು ಅವುಗಳೊಳಗೆ ನೈಲಾನ್ ಎಳೆಗಳ ಪಟ್ಟಿ ಸುತ್ತಿರುತ್ತಾರೆ. ನೈಲಾನಿನ ಸ್ವಭಾವ ನಮ್ಮ ಹೆಂಗಸರಿಗೆ ಗೊತ್ತು: ಇಸ್ತ್ರಿಯ ಬಿಸಿ ಆರುವ ಮೊದಲೇ ಮಡಿಸಿಟ್ಟ ಸೀರೆಗೆ ಬಿದ್ದ ಗೆರೆ ಅಷ್ಟು ಬೇಗ ಬಿಡುವುದಿಲ್ಲ. ಬಿಸಿಯಾದ ಟೈರೂ ಹಾಗೆಯೇ. ನಿಂತು ಆರಿದಂತೆ, ಚಪ್ಪಟೆಯಾಗಿದ್ದ ಆಕಾರವನ್ನೇ ಹಿಡಿದುಬಿಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಒಂಬತ್ತು ಹತ್ತು ಸುತ್ತು ಸುತ್ತುತ್ತದೆ. ಸುತ್ತಿಗೊಂದರಂತೆ ಏಟು ಬಿದ್ದರೆ ಸ್ಟಿಯರಿಂಗು ನಡುಗದೆ ಇನ್ನೇನು ಮಾಡೀತು?

ಮೇಸ್ತ್ರಿ ಗಾಳಿ ಸರಿಮಾಡಿ, “ಮೆಲ್ಲಗೆ ಒಂದು ಗಂಟೆ ಓಡಿಸಿಕೊಂಡು ಬನ್ನಿ” ಎಂದ. ಓಡಿ ಬಿಸಿಯಾದ ಮೇಲೆ ಎರಡು ಟೈರು ಮತ್ತೆ ದುಂಡಗಾದುವು. ಇನ್ನೆರಡು ಆಗಲೇ ಇಲ್ಲ. ಅವುಗಳಲ್ಲಿ ಗಾಳಿ ಅರ್ಧಕ್ಕಿಳಿದಿತ್ತಂತೆ. ಗಾಳಿ ಕಡಿಮೆಯಾದಷ್ಟೂ ಚಪ್ಪಟೆ ಹೆಚ್ಚು. ಹಾಗೆ ಗಟ್ಟಿಯಾಗಿ ಕೂತ ಚಪ್ಪಟೆಗೆ ಮದ್ದಿಲ್ಲ, ಹೊಸ ಟೈರೇ ಗತಿ. ಭಾನುವಾರದ ಇಂಜಿನು ಸೇವೆಯಿಂದ ಟೈರಿಗೆ ಮೂರು ಕಾಸಿನ ಪ್ರಯೋಜನವೂ ಆಗಿರಲಿಲ್ಲ. ಇಂಜಿನು ಎಷ್ಟು ಹಾಡಿದರೇನು, ಚಕ್ರ ಇದ್ದಲ್ಲೇ ಇತ್ತಲ್ಲ!

ಇನ್ನು ಮುಂಜಾಗ್ರತೆಯ ಮಾತು. ಊರಿಗೆ ಹೊರಡುವ ಮುನ್ನ ಗಾಳಿ ಹಾಕಿಸಿರಿ. ಟೈರಿನ ಗಾಳಿ ಸುಮ್ಮನಿದ್ದರೂ ತಿಂಗಳಿಗೆ ಒಂದೆರಡು ಪೌಂಡು ಇಳಿಯುತ್ತದೆ. ಆದ್ದರಿಂದ ನಾಲ್ಕಾರು ಪೌಂಡು ಹೆಚ್ಚೇ ಇರಲಿ. ಆದರೆ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ದಾಟಬಾರದು, ಮತ್ತು ಬಂದು ಓಡಿಸುವ ಮೊದಲು ಆ ಹೆಚ್ಚಿನದನ್ನು ಇಳಿಸಬೇಕು. ಬಿಸಿಲು ಕಾಯುವ ಜಾಗವನ್ನೂ ಎಣ್ಣೆ ಚೆಲ್ಲಿದ ಜಾಗವನ್ನೂ ಬಿಟ್ಟು ನೆರಳಿನಲ್ಲಿ ನಿಲ್ಲಿಸಿರಿ. ಸಮನೆಲದಲ್ಲಾದರೆ ಗೇರಿನಲ್ಲಿಟ್ಟು, ಚಕ್ರಕ್ಕೆ ಇಟ್ಟಿಗೆ ಕೊಟ್ಟರಾಯಿತು; ಬಹಳ ದಿನ ಎಳೆದಿಟ್ಟ ಹ್ಯಾಂಡ್‌ಬ್ರೇಕು ಮಳೆಗಾಲದಲ್ಲಿ ಕಚ್ಚಿಕೊಳ್ಳುವುದುಂಟು. ನೆರೆಮನೆಯ ನಂಬಿಕೆಯ ಹುಡುಗನಿಗೆ ಲೈಸೆನ್ಸಿದ್ದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿರಿ. ಅದೂ ಆಗದಿದ್ದರೆ ಕಾಲು ಸುತ್ತಾದರೂ ತಳ್ಳಿ ನಿಲ್ಲಿಸಲಿ. ಜಾಕು ಕೊಟ್ಟು ಎತ್ತಿಡುವುದೂ ಒಂದು ಉಪಾಯವೇ, ಆದರೆ ಮಕ್ಕಳು ಆಡುವ ಅಂಗಳದಲ್ಲಿ ಅದು ಬೇಡ. ಟೈರಿನ ವಯಸ್ಸನ್ನೂ ನೋಡಿಕೊಳ್ಳಿರಿ. ಪಕ್ಕೆಯ ಮೇಲೆ 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು ಎಂದರ್ಥ. ಎಷ್ಟೇ ಕಡಿಮೆ ಓಡಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಬಾರದು.

ಇದನ್ನೆಲ್ಲ ಭಾವನವರು ಅಂದು ಮನೆಗೆ ಬಂದು ಅಕ್ಕನಿಗೆ ವಿವರಿಸಿದರಂತೆ. ಮೂರು ತಿಂಗಳು ನಾಲ್ಕು ಗೋಡೆಯೊಳಗೆ ಕೂತು ಅಕ್ಕನ ಮಂಡಿಯೂ ಹಿಡಿದುಕೊಂಡಿತ್ತು. ಡಾಕ್ಟರು ಗುಳಿಗೆಗಿಂತ ಹೆಚ್ಚಾಗಿ ನಡಿಗೆ ಬರೆದುಕೊಟ್ಟಿದ್ದರು. ಎಲ್ಲ ಕೇಳಿ ಅವಳು, “ನಿಮ್ಮ ಬಂಡಿಗೂ ನನ್ನ ಮಂಡಿಗೂ ಒಂದೇ ಕಾಯಿಲೆ ರೀ. ಬಂಡಿಗೆ ಮಾತ್ರ ಮೇಸ್ತ್ರೀನ ಕರೆಸಿದ್ರಿ” ಎಂದಳಂತೆ. ಭಾವನವರು ಉತ್ತರ ಹೇಳಲಿಲ್ಲ. ಮುಂದಿನ ಭಾನುವಾರ ಮುಸುಕು ತೆಗೆದವರು ಇಂಜಿನು ಚಾಲೂ ಮಾಡಿ, ಪಕ್ಕದ ಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತರು.

ಈಗ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಇಬ್ಬರೂ ಕೆರೆಯವರೆಗೆ ಹೋಗುತ್ತಾರೆ. ಅಲ್ಲಿ ಇಳಿದು ಅರ್ಧ ಗಂಟೆ ನಡೆಯುತ್ತಾರೆ, ಚಹ ಕುಡಿದು ಬರುತ್ತಾರೆ. ಕಾರಿನ ಮೇಲೆ ಗೀರು ಎರಡು ಬಿದ್ದಿವೆ, ಟೈರು ದುಂಡಗಿವೆ. ಹೋದ ತಿಂಗಳು ಪುಣೆಗೆ ಹೋಗಿದ್ದಾಗ ನಾವೂ ಆಸೆಯಿಂದ ಬಾಗಿಲವರೆಗೆ ಹೋದೆವು. ಅಕ್ಕ ತಲೆಗೆ ಸೆರಗು ಬಿಗಿದುಕೊಂಡು ಆಗಲೇ ಕೂತಿದ್ದಳು. “ಎರಡೇ ಸೀಟು ಕಣೋ. ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕದ ಹಾಗೆ ನೋಡಿಕೋ” ಎಂದಳು.

ನಾವು ಹಾಲು ನೋಡಿಕೊಂಡೆವು.